ಬಳ್ಳಾರಿ ಶಾಖೆಯ ದೂರು ಸೇವೆ: ಪರಿಹಾರವನ್ನು ಕೇಳಿಯೇ ಪಡೆಯಬೇಕಾಯ್ತು

ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಶನಿವಾರ ಟೈಲರ್‌ಗಳಿಗೆ ಬಟವಾಡೆ. ಅವತ್ತೇ ಎಟಿಎಂನಲ್ಲಿ ಖಾತೆಯಿಂದ 10,000 ರೂಪಾಯಿ ಕಟ್ ಆಯ್ತು, ನೋಟು ಬರಲಿಲ್ಲ. ಶಾಖೆಯಲ್ಲಿ ‘ತಾನಾಗೇ ಬರುತ್ತೆ, ಕಾಯಿರಿ’ ಅಂದರು. ದೂರು ಸಂಖ್ಯೆ ಕೊಡೋಕೂ ಸತಾಯಿಸಿದರು. ಕೂಲಿಗೆ ಕಾದು ಕೂತವರಿಗೆ ನಾನು ಏನು ಹೇಳಲಿ? ತುಂಬಾ ಸಂಕಟ ಆಯ್ತು.

ದುಡ್ಡು ತಡವಾಗಿ ವಾಪಸ್ ಬಂತು. ಪರಿಹಾರ ಮಾತ್ರ ಇಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮ ಸ್ಪಷ್ಟವಾಗಿದೆ. ಇಂಥ ಹಣವನ್ನು 5 ದಿನದೊಳಗೆ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ, ಗ್ರಾಹಕ ಕೇಳದಿದ್ದರೂ, ಖಾತೆಗೆ ಹಾಕಬೇಕು. ಕೌಂಟರಿನವರಿಗೆ ಇದು ಗೊತ್ತಿರಲಿಲ್ಲವೋ, ಹೇಳಲಿಲ್ಲವೋ. ಎರಡೂ ತಪ್ಪೇ ಅಲ್ವಾ?

ಎಟಿಎಂ ಚೀಟಿಯ ಜೆರಾಕ್ಸ್ ಇಟ್ಟು ಲಿಖಿತ ದೂರು ಕೊಟ್ಟೆ, ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತ ಅದರಲ್ಲೇ ಬರೆದೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಆಮೇಲೆ ಪರಿಹಾರ ಜಮೆ ಆಯ್ತು.

ಮ್ಯಾನೇಜರ್ ಮೇಡಂ ಮರ್ಯಾದೆಯಿಂದ ಮಾತಾಡಿದರು, ಅದನ್ನು ಹೇಳಲೇಬೇಕು. ಆದರೂ ಐದಕ್ಕೆ ಎರಡೇ ಸ್ಟಾರ್ ಕೊಡುತ್ತೇನೆ.