ಇಂಜಿನ್ ಪ್ಯಾಕಿಂಗ್, ಬೂದು ಬಾಂಡ್: ಬಳ್ಳಾರಿ ಧೂಳಿನಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ

ನನ್ನ ಸ್ಪ್ಲೆಂಡರ್‌ನ ಕ್ಲಚ್ ಕವರಿಗೆ ಹೊಸ ಪ್ಯಾಕಿಂಗ್ (ಆಯಿಲ್ ಸೋರದ ಹಾಗೆ ಕವರಿನ ಸಂದಿಗೆ ಇಡುವ ಕಾಗದದ ಗ್ಯಾಸ್ಕೆಟ್) ಹಾಕಿ, ಬೇಕಾದ ಕಡೆ ಬೂದು ಬಣ್ಣದ ಆರ್‌ಟಿವಿ ಸಿಲಿಕೋನ್ ಅಂಟು ಹಚ್ಚಿ ಕೂರಿಸಿ ಕೆಲವು ವರ್ಷಗಳೇ ಆದವು. ನಮ್ಮ ಕಡೆ ಮೆಕ್ಯಾನಿಕ್‌ಗಳು ಈ ಅಂಟಿಗೆ ಬರೀ ‘ಬಾಂಡ್’ ಅಂತಾರೆ. ಗಾಡಿ ದಿನಾ ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಬರುತ್ತದೆ. ನಲವತ್ತು ಡಿಗ್ರಿ ದಾಟುವ ಬೇಸಿಗೆ, ಮಳೆಗಾಲದ ಕೆಸರು, ಅದಿರಿನ ಧೂಳು ಎಲ್ಲಾ ಕಂಡಿದೆ. ಕವರಿನ ಅಂಚು ಇವತ್ತಿಗೂ ಒಣಗೇ ಇದೆ. ಹಾಗಾಗಿ ಬಾಂಡ್ ಕೊಳ್ಳಬಹುದು ಅಂತ ಧೈರ್ಯವಾಗಿ ಹೇಳ್ತೀನಿ. ಆದರೆ ಪ್ಯಾಕಿಂಗ್ ಬದಲು ಬಾಂಡ್ ಅಂದುಕೊಂಡು ಕೊಳ್ಳಬೇಡಿ. ಕವರಿನ ಮೈ ಕೆರೆದು ತೊಳೆಯುವ ತಾಳ್ಮೆ ಇಲ್ಲದಿದ್ದರಂತೂ ಆ ದುಡ್ಡು ದಂಡ.

ಮೊದಲು ಆಯಿಲ್ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಬೇಕು. ಇದರಲ್ಲಿ ನಮ್ಮ ಜಿಲ್ಲೆಯ ಧೂಳೇ ಸಹಾಯ ಮಾಡುತ್ತದೆ. ಕುಡತಿನಿ ದಾಟಿದರೆ ಲಾರಿಗಳ ಹಿಂದೆ ಕೆಂಪು ಪುಡಿ ತೇಲುತ್ತಿರುತ್ತದೆ. ಒಣ ಅಲ್ಯೂಮಿನಿಯಂ ಮೇಲೆ ಬಿದ್ದದ್ದು ಗಾಳಿಗೆ ಹಾರಿಹೋಗುತ್ತದೆ. ಆಯಿಲ್ ಜಿನುಗಿದ ಕಡೆ ಮಾತ್ರ ಅಂಟಿಕೊಂಡು ಕಪ್ಪು-ಕೆಂಪು ಗೆರೆ ಕಟ್ಟುತ್ತದೆ. ನನ್ನ ಗಾಡಿಯಲ್ಲಿ ಆ ಗೆರೆ ಕವರಿನ ಮುಂದಿನ ಮೂಲೆಯ ಒಂದು ಬೋಲ್ಟಿನ ಹತ್ತಿರ ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ಹಿಂದೆ ಹೋಗ್ತಾ ಅಗಲವಾಗಿ, ಕಿಕ್ಕರ್ ಕೆಳಗೆ ದಪ್ಪ ಮಡ್ಡಿಯಾಗಿತ್ತು. ನೆಲಕ್ಕೆ ಹನಿ ಬೀಳ್ತಿದ್ದದ್ದು ಕಿಕ್ಕರ್ ಹತ್ತಿರ. ಹನಿ ನೋಡಿದವರೆಲ್ಲ ಕಿಕ್ ಶಾಫ್ಟ್ ಆಯಿಲ್ ಸೀಲ್ ಹೋಗಿದೆ ಅಂದರು. ಸೀಲ್ ಚೆನ್ನಾಗೇ ಇತ್ತು. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತೆ, ಅಷ್ಟೇ. ನಿಮ್ಮ ಊರಲ್ಲಿ ಇಂಥ ಧೂಳಿಲ್ಲದಿದ್ದರೆ ಇಂಜಿನ್ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮುಖದ ಪೌಡರ್ ಉದುರಿಸಿ ಒಂದು ಸುತ್ತು ಹೋಗಿ ಬನ್ನಿ. ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲೇ ಲೀಕ್.

ಕವರ್ ಬಿಚ್ಚೋಕೆ ಮುಂಚೆ ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ, ಆಯಿಲ್ ಜಾಸ್ತಿ ತುಂಬಿದೆಯಾ ಅಂತಲೂ ನೋಡಿ. ಇವೆರಡರಿಂದ ಒಳಗೆ ಒತ್ತಡ ಏರಿದರೆ ಹೊಸ ಪ್ಯಾಕಿಂಗ್ ಸಹ ತಡೆಯಲ್ಲ.

ನನ್ನ ಗಾಡಿಗೆ ಈ ಗತಿ ಬರೋಕೆ ಕಾರಣ ಹಿಂದೆ ಒಂದು ಗ್ಯಾರೇಜಿನವರು ಮಾಡಿದ ಕೆಲಸ. ಹೆಸರು ಬೇಡ. ಪ್ಯಾಕಿಂಗ್ ಹರಿದಿತ್ತಂತೆ, ಹೊಸದು ತರಿಸುವಷ್ಟು ಹೊತ್ತಿಲ್ಲ ಅಂತ ಅದನ್ನು ತೆಗೆದುಹಾಕಿ ಬರೀ ಬಾಂಡ್ ಬಳಿದು ಕವರ್ ಮುಚ್ಚಿದ್ದರು. ಕಾಗದದ ಪ್ಯಾಕಿಂಗ್ ಸಣ್ಣದಾಗಿ ಕಂಡರೂ ಅದಕ್ಕೊಂದು ದಪ್ಪ ಇದೆ. ಒಳಗಿನ ಶಾಫ್ಟುಗಳ ಆಟ (ಅಲುಗಾಡಲು ಬಿಟ್ಟ ಸಂದು) ಆ ದಪ್ಪ ಲೆಕ್ಕ ಹಿಡಿದೇ ಇಟ್ಟಿರ್ತಾರೆ. ಅದು ಇಲ್ಲದಿದ್ದಾಗ ಕವರ್ ಒಳಕ್ಕೆ ಸರಿದು ಕಿಕ್ಕರ್ ಬಿಗಿಯಾಯಿತು. ಕೆಲವೇ ದಿನಕ್ಕೆ ಆಯಿಲ್ ಕೂಡ ಜಿನುಗತೊಡಗಿತು. ಕಂಪನಿ ಪ್ಯಾಕಿಂಗಿನ ಬೆಲೆ ಎರಡು ಪ್ಲೇಟ್ ಒಗ್ಗರಣೆ-ಮಿರ್ಚಿಯಷ್ಟು. ಇಷ್ಟಕ್ಕಾಗಿ ಗಿರಾಕಿ ಇಂಜಿನ್ ಹಾಳು ಮಾಡಬೇಕಾ? ನನಗೆ ಈಗಲೂ ಸಿಟ್ಟು ಬರುತ್ತದೆ.

ಮತ್ತೆ ಬಿಚ್ಚಿದ್ದು ಕೌಲ್ ಬಜಾರಿನ ನಮ್ಮ ಹಳೇ ಮೆಕ್ಯಾನಿಕ್ ಭಾಯ್ ಹತ್ತಿರ. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ಆಯಿಲ್ ಇಳಿಸಿ, ಫುಟ್‌ರೆಸ್ಟ್, ಸೈಲೆನ್ಸರ್, ಕಿಕ್ಕರ್, ಕ್ಲಚ್ ಕೇಬಲ್ ತೆಗೆದು ಬೋಲ್ಟ್ ಬಿಚ್ಚಿದೆವು. ಬೋಲ್ಟುಗಳ ಉದ್ದ ಒಂದೇ ಥರ ಇರಲ್ಲ. ಭಾಯ್ ಒಂದು ರಟ್ಟಿನ ಮೇಲೆ ಕವರಿನ ಆಕಾರ ಗೀಚಿ, ಆಯಾ ಜಾಗದಲ್ಲೇ ತೂತು ಮಾಡಿ ಬೋಲ್ಟ್ ಚುಚ್ಚಿಟ್ಟರು. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ಬಿಗಿಯಾದಂತೆ ಅನಿಸುತ್ತೆ, ಆದರೆ ಕವರ್ ಹಿಡಿದಿರಲ್ಲ.

ಒಳಗಿನ ಆಯಿಲ್ ಜಾಲರಿ ಎಳೆದು ತೋರಿಸಿದರು. ಅದರ ತಳದಲ್ಲಿ ಹಳೇ ಬಾಂಡಿನ ಚೂರುಗಳು, ಎಳೆ ಎಳೆಯಾಗಿ, ಹುಳದಂತೆ ಸುತ್ತಿಕೊಂಡಿದ್ದವು. “ಅಣ್ಣಾ, ಜಾಸ್ತಿ ಹಚ್ಚಬ್ಯಾಡ್ರಿ. ಹೊರಗ ಎಷ್ಟು ಬರತೈತೋ ಒಳಗೂ ಅಷ್ಟೇ ಹೋಗತೈತಿ” ಅಂದರು. ಹೊರಗೆ ಉಬ್ಬಿ ಬಂದದ್ದನ್ನು ಬೆರಳಲ್ಲಿ ಒರೆಸಬಹುದು. ಒಳಗೆ ಉಬ್ಬಿದ್ದು ಕಿತ್ತು ಬಂದರೆ ಸೀದಾ ಜಾಲರಿಗೆ. ಜಾಲರಿ ಕಟ್ಟಿದರೆ ಪಂಪಿಗೆ ಆಯಿಲ್ ಇಲ್ಲ, ಇಂಜಿನ್ ಮೇಲ್ಭಾಗದ ಹೆಡ್ಡಿಗೂ ಇಲ್ಲ. ಆಯಿಲ್ ಲೀಕ್ ಆಗುವ ಇಂಜಿನ್ ಗಲೀಜಾಗಿ ಕಾಣುತ್ತದೆ, ಆಯಿಲ್ ಸಿಗದ ಇಂಜಿನ್ ಸೀಜ್ ಆಗುತ್ತದೆ. ಕವರ್ ಬಿಚ್ಚಿದ ಮೇಲೆ ಕ್ರ್ಯಾಂಕ್ ತುದಿಯ ಸೆಂಟ್ರಿಫ್ಯೂಗಲ್ ಫಿಲ್ಟರ್ (ತಿರುಗುತ್ತಾ ಆಯಿಲಿನ ಕೊಳೆ ಹಿಡಿಯುವ ಬಟ್ಟಲು) ಸಹ ಬಿಚ್ಚಿ ಮಡ್ಡಿ ತೆಗೆಸಿ. ಅದಕ್ಕೆಂದೇ ಇನ್ನೊಮ್ಮೆ ಯಾರೂ ಬಿಚ್ಚಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಕೆರೆಯೋ ಕೆಲಸ. ಸ್ಕ್ರೂಡ್ರೈವರ್ ಮುಟ್ಟಲೇಬಾರದು. ಅಲ್ಯೂಮಿನಿಯಂ ಮೆತ್ತಗಿರುತ್ತೆ, ಒಂದು ಗೀರು ಬಿದ್ದರೆ ಅದೇ ಆಯಿಲಿಗೆ ಕಾಲುವೆ. ನನ್ನ ಲೀಕ್ ಶುರುವಾಗಿದ್ದ ಮೂಲೆಯಲ್ಲಿ ಅಂಥದ್ದೇ ಒಂದು ಗೀರು ಸಿಕ್ಕಿತು, ಉಗುರು ಆಡಿಸಿದರೆ ಟಕ್ ಅಂತ ತಾಗುತ್ತಿತ್ತು. ಅಲ್ಲಲ್ಲಿ ಅಂಟಿ ಉಳಿದಿದ್ದ ಹಳೇ ಪ್ಯಾಕಿಂಗ್ ಚೂರುಗಳ ಮೇಲೆ ಥಿನ್ನರ್ ಬಟ್ಟೆ ಇಟ್ಟು ನೆನೆಸಿ, ಹಳೇ ಎಟಿಎಂ ಕಾರ್ಡಿನ ಅಂಚಿನಲ್ಲಿ ಎಬ್ಬಿಸಿದೆವು. ಒಳಗೆ ಚೂರು ಬೀಳದ ಹಾಗೆ ಬಟ್ಟೆ ತುರುಕಿದ್ದೆವು. ಕೊನೆಗೆ ಬಿಳಿ ಬಟ್ಟೆಗೆ ಪೆಟ್ರೋಲ್ ಹಾಕಿ ಒರೆಸಿ, ಬಟ್ಟೆ ಬಿಳಿಯಾಗೇ ಬರುವ ತನಕ ಬಿಡಲಿಲ್ಲ. ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡೂ ಡೌಲ್ ಪಿನ್ ಜಾಗದಲ್ಲಿವೆ ಅಂತ ಮುಟ್ಟಿ ನೋಡಿ ಆಮೇಲೆ ಪ್ಯಾಕಿಂಗ್ ಇಟ್ಟೆವು.

ಬಾಂಡ್ ಹಚ್ಚಿದ್ದು ಆ ಗೀರಿನ ಮೇಲೆ, ಸುತ್ತ ಒಂದಿಷ್ಟು ತೆಳ್ಳಗೆ. ಉಳಿದ ಕಡೆ ಪ್ಯಾಕಿಂಗ್ ಒಣಗೇ ಕೂತಿದೆ. ಬೋಲ್ಟುಗಳನ್ನು ಎದುರುಬದುರು, ಎರಡು-ಮೂರು ಸುತ್ತಿನಲ್ಲಿ ಬಿಗಿ ಮಾಡಿದೆವು. ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಲೀಕ್ ನಿಲ್ಲಲಿ ಅಂತ ಸುಮ್ನೆ ತೋಳಿನ ಬಲ ಹಾಕಿದರೆ ಥ್ರೆಡ್ ಕಿತ್ತು ಬರುತ್ತೆ, ಆಮೇಲೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಹಾಕಿಸೋ ಖರ್ಚು ಬೇರೆ. ಡ್ರೈನ್ ಬೋಲ್ಟಿನ ವಾಷರ್ ಸಹ ಹೊಸದೇ ಹಾಕಿ.

ಈ ಬಾಂಡ್ ಒಣಗುವುದು ಬಿಸಿಲಿಗಲ್ಲ, ಗಾಳಿಯ ತೇವಕ್ಕೆ. ಏಪ್ರಿಲ್‌ನ ಬಳ್ಳಾರಿ ಗಾಳಿಯಲ್ಲಿ ತೇವ ಕಡಿಮೆ. ಅದಕ್ಕೆ ಬಿಸಿಲಲ್ಲಿ ನಿಲ್ಲಿಸಿದರೆ ಬೇಗ ಆಗುತ್ತೆ ಅನ್ನೋದು ಇಲ್ಲಿ ನಡೆಯಲ್ಲ. ಮೇಲ್ಪದರ ಸ್ವಲ್ಪ ಹೊತ್ತಿಗೇ ಗಟ್ಟಿಯಾದರೂ ಒಳಗೆ ಹಸಿ ಇರುತ್ತೆ. 24 ಗಂಟೆ ಬಿಟ್ಟು ಆಯಿಲ್ ತುಂಬಿ. ಅಷ್ಟು ಬಿಡುವು ಕೊಟ್ಟಿದ್ದಕ್ಕೇ ನನ್ನದು ಹಿಡಿದಿದೆ. ಈಚೆಗೆ ಕ್ಲಚ್ ಪ್ಲೇಟಿಗೆಂದು ಅದೇ ಕವರ್ ಬಿಚ್ಚಿಸಿದಾಗ ಬಾಂಡ್ ಇನ್ನೂ ರಬ್ಬರಿನ ಹಾಗೇ ಮೆತ್ತಗಿತ್ತು. ಆಯಿಲಿಗೆ ಕರಗಿಲ್ಲ, ಸಿಡಿದಿಲ್ಲ, ಬೆರಳಲ್ಲಿ ಎಳೆದರೆ ಪಟ್ಟಿಯಾಗಿ ಎದ್ದುಬಂತು. ನನಗೆ ಇದು ದೊಡ್ಡ ಸಮಾಧಾನ. ಹಳೇ ಕಾಲದ ಶೆಲಾಕ್ ಅಂಟು ಆಗಿದ್ದರೆ ಅರ್ಧ ದಿನ ಕೆರೀಬೇಕಿತ್ತು.

ಟ್ಯೂಬ್ ಬಗ್ಗೆ ನನ್ನ ದೂರು ಒಂದೇ. ಒಮ್ಮೆ ತೆರೆದರೆ ಉಳಿದದ್ದು ಬಾಯಲ್ಲೇ ಗಟ್ಟಿಯಾಗುತ್ತೆ. ಮೂತಿಗೆ ಒಂದು ಉದ್ದ ಸ್ಕ್ರೂ ತಿರುಗಿಸಿಟ್ಟರೆ ಸ್ವಲ್ಪ ದಿನ ಬಾಳಿಕೆ ಬರುತ್ತೆ. ಮನೆ ಕೆಲಸಕ್ಕಾದರೆ ಚಿಕ್ಕ ಟ್ಯೂಬೇ ತಗೊಳ್ಳಿ. ಇಂಜಿನ್ನಿಗೆ ಅಂತ ಕೇಳಿ ತಗೊಳ್ಳಿ. ಬಾತ್‌ರೂಮಿನ ಗಾಜಿಗೆ ಹಚ್ಚುವ, ವಿನೆಗರ್ ವಾಸನೆಯ ಸಿಲಿಕೋನ್ ಲೋಹ ತಿನ್ನುತ್ತೆ.

ಕಾರ್ಬ್ಯುರೇಟರ್ ಬೌಲಿಗೆ ಬಾಂಡ್ ಹಚ್ಚಬೇಡಿ, ಸಿಲಿಕೋನ್ ಪೆಟ್ರೋಲಿಗೆ ಉಬ್ಬುತ್ತೆ. ಅಲ್ಲಿ ರಬ್ಬರ್ ರಿಂಗ್ ಬದಲಿಸಿದರೆ ಸಾಕು. ಟ್ಯಾಪೆಟ್ ಮುಚ್ಚಳಕ್ಕೂ ಅಷ್ಟೇ. ಸೈಲೆನ್ಸರ್ ಬೆಂಡ್ ಕೂರುವ ಜಾಗದ ಬಿಸಿಯನ್ನು ಇದು ತಾಳಲ್ಲ. ಹೆಡ್ ಪ್ಯಾಕಿಂಗ್‌ಗೂ ಬಾಂಡ್ ಬೇಡ. ಅಲ್ಲಿ ಕಂಪನಿ ಪ್ಯಾಕಿಂಗ್ ಒಣಗೇ ಇಟ್ಟು, ಹೆಡ್ಡಿನ ಮೈ ಸಮ ಇದೆಯಾ ಅಂತ ದಪ್ಪ ಗಾಜಿನ ಮೇಲಿಟ್ಟು ನೋಡಿ, ನಟ್ಟುಗಳನ್ನು ಟಾರ್ಕ್ ರೆಂಚ್ ಇರುವವರ ಹತ್ತಿರವೇ ಬಿಗಿ ಮಾಡಿಸಿ.