38 ಮಕ್ಕಳು, 47 ಹೆಸರು: ಕ್ವಿಜ್ ಆ್ಯಪ್ ಬಿಟ್ಟು ಸ್ಲೇಟು ಹಿಡಿದಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಲೇಟಿಗೆ. ಹಳೇ ಕಲ್ಲಿನ ಸ್ಲೇಟಲ್ಲ, ಮಾರ್ಕರ್‌ನಲ್ಲಿ ಬರೆದು ಬಟ್ಟೆಯಿಂದ ಒರೆಸುವ ಪುಟ್ಟ ಬಿಳಿ ಬೋರ್ಡು, ನೋಟ್‌ಬುಕ್ಕಿನಷ್ಟು ದೊಡ್ಡದು. ಆದರೆ ಇದಕ್ಕೆ ಬರುವ ಮೊದಲು ಒಂದು ಕ್ವಿಜ್ ಆ್ಯಪ್‌ಗೆ ಪೂರ್ತಿ ವರ್ಷದ ಚಂದಾ ಕಟ್ಟಿದ್ದೆ, ಅದೂ ನನ್ನ ಜೇಬಿನಿಂದಲೇ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ತಕ್ಕಡಿ ಸ್ವಲ್ಪ ಒಂದು ಕಡೆ ವಾಲಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ 38 ಮಕ್ಕಳು. ನನಗೆ ಬೇಕಿದ್ದದ್ದು ಪರೀಕ್ಷೆಯಲ್ಲ. ಪಾಠ ನಡೆಯುತ್ತಿರುವಾಗಲೇ, ಅದನ್ನು ಇನ್ನೊಂದು ದಾರಿಗೆ ತಿರುಗಿಸಲು ಟೈಮ್ ಇರುವಾಗಲೇ, ಯಾರಿಗೆ ಅರ್ಥವಾಗಿದೆ, ಯಾರಿಗೆ ಆಗಿಲ್ಲ ಅಂತ ಗೊತ್ತಾಗಬೇಕು, ಅಷ್ಟೇ. "ಅರ್ಥ ಆಯ್ತಾ?" ಅಂತ ಕೇಳಿದರೆ ಇಡೀ ಕ್ಲಾಸು ರಾಗವಾಗಿ "ಆಯ್ತೂ" ಅನ್ನುತ್ತದೆ. ಕೈ ಎತ್ತಿ ಅಂದರೆ ದಿನಾ ಅದೇ ಐದು ಕೈ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಒಂದು ವಿಷಯ ಕಂಡುಕೊಂಡರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಎಳೆದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡುವವರೂ ಜಾಸ್ತಿಯಾಗುತ್ತಾರೆ. ಇದನ್ನು ಓದಿ ನನ್ನದೇ ಒಂದು ಪಾಠ ರೆಕಾರ್ಡ್ ಮಾಡಿ ಕೇಳಿದೆ. ನಾಚಿಕೆ ಆಯಿತು. ಪ್ರಶ್ನೆಯೂ ನಂದೇ, ಉತ್ತರವೂ ನಂದೇ, ಮಧ್ಯೆ ಉಸಿರು ತೆಗೆದುಕೊಳ್ಳಲೂ ಜಾಗವಿಲ್ಲ.

ಹಾಗೆ ಶುರುವಾದದ್ದು ಈ ಹುಡುಕಾಟ. ನಾಲ್ಕು ದಾರಿ ನೋಡಿದೆ: ಟ್ಯಾಬ್‌ನಲ್ಲಿ ಆಡುವ ಕ್ವಿಜ್ ಆ್ಯಪ್, ಫೋನಿನಿಂದ ಸ್ಕ್ಯಾನ್ ಮಾಡುವ ಕೋಡ್ ಕಾರ್ಡು, ಪೀರಿಯಡ್ ಮುಗಿಯುವಾಗ ಬರೆಸಿಕೊಳ್ಳುವ ಚೀಟಿ, ಮತ್ತೆ ಸ್ಲೇಟು.

ಆ್ಯಪ್‌ನ ಹೆಸರು ಬೇಡ. ಇಂಥವು ನೀವೂ ನೋಡಿರುತ್ತೀರಿ. ಪ್ರೊಜೆಕ್ಟರ್ ಮೇಲೆ ಪ್ರಶ್ನೆ, ಮಕ್ಕಳ ಕೈಯಲ್ಲಿ ನಾಲ್ಕು ಬಣ್ಣದ ಬಟನ್, ಹಿನ್ನೆಲೆಯಲ್ಲಿ ಎದೆ ಬಡಿತ ಹೆಚ್ಚಿಸುವ ಮ್ಯೂಸಿಕ್. ಮೊದಲ ದಿನ ಕ್ಲಾಸು ಹಬ್ಬದ ಹಾಗಿತ್ತು. ಎರಡನೇ ವಾರಕ್ಕೇ ಚಂದಾ ಕಟ್ಟಿಬಿಟ್ಟೆ, ಯಾಕೆಂದರೆ ಪುಕ್ಕಟೆ ಕೊಟ್ಟಿದ್ದರಲ್ಲಿ ಇಡೀ ಕ್ಲಾಸನ್ನು ಸೇರಿಸಲು ಆಗುತ್ತಿರಲಿಲ್ಲ. ಅವಸರಪಟ್ಟೆ.

ಇನ್ನು ತಲೆನೋವಿನ ವಿಷಯಕ್ಕೆ ಬರುತ್ತೇನೆ. ಮಕ್ಕಳಿಗೆ ಅಲ್ಲಿ ಖಾತೆ ಇಲ್ಲ. ಪರದೆಯ ಮೇಲಿನ ಕೋಡ್ ಹೊಡೆದು, ಒಂದು ಹೆಸರು ಟೈಪ್ ಮಾಡಿ ಒಳಗೆ ಬರಬೇಕು. ಏಳನೇ ಕ್ಲಾಸಿನ ಮಕ್ಕಳಿಗೆ "ಒಂದು ಹೆಸರು ಹಾಕಿ" ಅಂದರೆ ಏನು ಹಾಕುತ್ತಾರೆ? ಹುಲಿ. ಹುಲಿ2. ರಿಯಲ್ ಹುಲಿ. ಪಕ್ಕದವನ ಹೆಸರು. ಬರೀ ಚುಕ್ಕಿಗಳು. ಸರಿ, ರೋಲ್ ನಂಬರ್ ಹಾಕಿ ಅಂದೆ. ಆಗ 14 ಅಂತ ಇಬ್ಬರು ಬಂದರು, ಮೂರನೆಯವನು 014 ಅಂತ ಬಂದ.

ಅದನ್ನಾದರೂ ಸಹಿಸಬಹುದಿತ್ತು. ಆಟದ ಮಧ್ಯೆ ಟ್ಯಾಬ್ ನಿದ್ದೆಗೆ ಜಾರಿದರೆ, ಇಲ್ಲ ನೆಟ್ ಅರೆಕ್ಷಣ ಕೈಕೊಟ್ಟರೆ, ಆ ಮಗು ಹೊರಗೆ. ವಾಪಸ್ ಬರಲು ಹೋದರೆ "ಈ ಹೆಸರು ಈಗಾಗಲೇ ಇದೆ" ಅನ್ನುತ್ತದೆ. ಆಗ ಮಗು ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿ ಹೊಸಬನಾಗಿ ಒಳಗೆ ಬರುತ್ತದೆ, ಸೊನ್ನೆ ಅಂಕದೊಂದಿಗೆ. ಹಳೇ ಹೆಸರು ಅಲ್ಲೇ ಉಳಿದಿರುತ್ತದೆ, ಉಳಿದ ಪ್ರಶ್ನೆಗಳಿಗೆಲ್ಲ "ಉತ್ತರಿಸಿಲ್ಲ" ಎಂದು ತೋರಿಸಿಕೊಂಡು.

ಸಂಜೆ ರಿಪೋರ್ಟ್ ತೆಗೆದರೆ 38 ಮಕ್ಕಳಿಗೆ 47 ಸಾಲು. ಇದರಲ್ಲಿ ಯಾರು ಯಾರು? ಕಾಗದ ಪೆನ್ನು ಹಿಡಿದು ಕೂತೆ. ಹುಲಿ ಐದನೇ ಪ್ರಶ್ನೆಗೆ ನಿಂತಿದೆ, ಹುಲಿಎ ಆರರಿಂದ ಶುರುವಾಗಿದೆ, ಹಾಗಾದರೆ ಇಬ್ಬರೂ ಒಬ್ಬನೇ. ಆದರೆ ಹುಲಿ2 ಕೂಡ ಐದಕ್ಕೇ ನಿಂತಿದೆ! ಪೊಲೀಸರು ಸಾಕ್ಷಿ ಜೋಡಿಸುವ ಹಾಗೆ ಮುಕ್ಕಾಲು ಗಂಟೆ ಜೋಡಿಸಿದೆ. ಸಿಕ್ಕಿದ್ದೇನು ಅಂದರೆ, ಆರನೇ ಪ್ರಶ್ನೆ ಜಾಸ್ತಿ ಜನಕ್ಕೆ ಬಂದಿಲ್ಲ. ಅದು ನನಗೆ ಕ್ಲಾಸಿನಲ್ಲೇ, ಪರದೆಯ ಮೇಲೆ ಉತ್ತರಗಳ ಲೆಕ್ಕ ತೋರಿಸುವ ಕಂಬಗಳನ್ನು ನೋಡಿದಾಗಲೇ ಗೊತ್ತಾಗಿತ್ತು.

ಸಹಾಯವಾಣಿಗೆ ಬರೆದೆ. ಮಕ್ಕಳಿಗೆ ಸ್ಥಿರವಾದ ಖಾತೆ ಮಾಡಿಕೊಡುವ ಸೌಲಭ್ಯ ಇದಕ್ಕಿಂತ ಮೇಲಿನ ಚಂದಾದಲ್ಲಿದೆ ಅಂದರು. ನಗು ಬಂತು. ಅಳುವುದಕ್ಕಿಂತ ವಾಸಿ ಅಲ್ವಾ.

ಇನ್ನೊಂದು ಕೊರತೆ ಚಿಕ್ಕದಾಗಿ: ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ನಿಧಾನವಾಗಿ, ಆದರೆ ಸರಿಯಾಗಿ ಯೋಚಿಸುವ ಹುಡುಗಿಯೊಬ್ಬಳು ಮೂರನೇ ವಾರದಿಂದ ಪ್ರಶ್ನೆ ಓದದೇ ಒತ್ತತೊಡಗಿದಳು. ಕೇಳಿದ್ದಕ್ಕೆ, "ಓದಿದರೆ ಹಿಂದೆ ಬೀಳ್ತೀನಿ ಮಿಸ್" ಅಂದಳು.

ಕೋಡ್ ಕಾರ್ಡು ಇದಕ್ಕಿಂತ ಎಷ್ಟೋ ಪಾಲು ಮೇಲು. ಪ್ರತಿ ಮಗುವಿಗೆ ಕಪ್ಪು ಬಿಳಿ ಚೌಕದ ಒಂದು ಕಾರ್ಡು, ನೋಡಲು ಕ್ಯೂಆರ್ ಕೋಡಿನ ಅಣ್ಣತಮ್ಮನ ಹಾಗಿರುತ್ತದೆ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ. ಯಾವ ಉತ್ತರವೋ ಆ ಅಂಚು ಮೇಲೆ ಬರುವಂತೆ ತಿರುಗಿಸಿ ಹಿಡಿದರೆ ಸಾಕು. ನಾನು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಮ್ಮೆ ಆಡಿಸಿದರೆ ಯಾರ ಉತ್ತರ ಏನು ಅಂತ ಹೆಸರಿನ ಸಮೇತ ಬರುತ್ತದೆ. ಮಕ್ಕಳ ಕೈಯಲ್ಲಿ ಯಾವ ಯಂತ್ರವೂ ಇಲ್ಲ. ಕಾರ್ಡಿನ ನಂಬರೇ ಮಗುವಿನ ಗುರುತು, ಹಾಗಾಗಿ ಹುಲಿಗಳ ಕಾಟವಿಲ್ಲ. ಅಕ್ಷರ ಬಹಳ ಚಿಕ್ಕದು, ಪಕ್ಕದವನದ್ದು ಇಣುಕಿ ನೋಡಿದರೂ ತಟ್ಟನೆ ತಿಳಿಯುವುದಿಲ್ಲ.

ಕಾರ್ಡು ಬಾಳಿಕೆ ಬರಲಿ ಅಂತ ಲ್ಯಾಮಿನೇಟ್ ಮಾಡಿಸಿ ಕೆಟ್ಟೆ. ಕಿಟಕಿಯ ಬೆಳಕು ಬಿದ್ದರೆ ಮಿನುಗುತ್ತದೆ, ಕ್ಯಾಮೆರಾಗೆ ಕಾಣುವುದಿಲ್ಲ. ಬೆರಳು ಚೌಕದ ಮೇಲೆ ಬಂದರೂ ಓದುವುದಿಲ್ಲ. ಬರೀ ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಸಾಕು.

ಕಾರ್ಡಿಗಿಂತ ಮಕ್ಕಳ ಕೈಗೆ ಉತ್ತರದ ಬಟನ್ ಒತ್ತುವ ಒಂದೊಂದು ರಿಮೋಟ್ ಕೊಡುವುದು ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಲ್ಲಿ ಒಂದು ಪದ್ಧತಿ ಶುರುಮಾಡಿದರು. ಪ್ರಶ್ನೆ ಕೊಟ್ಟು ಎಲ್ಲರಿಂದಲೂ ಉತ್ತರ ತೆಗೆದುಕೊಳ್ಳುವುದು, ಸುಮಾರು 30ರಿಂದ 70 ಶೇಕಡಾ ಜನ ಸರಿ ಹೇಳಿದ್ದರೆ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು ಮತ್ತೆ ಕೇಳುವುದು. ಇದೇ ಪದ್ಧತಿಯನ್ನು ನಥಾನಿಯಲ್ ಲಾಸ್ರಿ ಎಂಬ ಭೌತಶಾಸ್ತ್ರ ಶಿಕ್ಷಕ ಒಂದು ಗುಂಪಿಗೆ ರಿಮೋಟ್ ಕೊಟ್ಟು, ಇನ್ನೊಂದಕ್ಕೆ ಕಾಗದದ ಕಾರ್ಡು ಕೊಟ್ಟು ನಡೆಸಿ 2008ರಲ್ಲಿ ಬರೆದರು. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡಿದ್ದು ಪ್ರಶ್ನೆ ಮತ್ತು ವಾದ. ಚಂದಾ ಕಟ್ಟುವ ಮೊದಲೇ ಇದನ್ನು ಓದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಕಾರ್ಡೇ ಯಾಕೆ ಗೆಲ್ಲಲಿಲ್ಲ? ಕಾರ್ಡಾಗಲಿ ಆ್ಯಪ್‌ನ ಬಟನ್ ಆಗಲಿ, ಕೊಡುವುದು ನಾಲ್ಕರಲ್ಲಿ ಒಂದು. ಕಣ್ಣುಮುಚ್ಚಿ ಹಿಡಿದರೂ 25 ಶೇಕಡಾ ಸರಿ, ಅಂದರೆ ನನ್ನ ಕ್ಲಾಸಿನಲ್ಲಿ ಒಂಬತ್ತು ಹತ್ತು ಮಕ್ಕಳು ಏನೂ ಗೊತ್ತಿಲ್ಲದೇ ಹಸಿರು ಗುರುತು ಪಡೆಯಬಹುದು. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಅದು ನನಗೆ ಗೊತ್ತಾಗಿದ್ದು ಸ್ಲೇಟಿನ ಮೇಲೆ.

ಭಿನ್ನರಾಶಿ ಪಾಠ. 1/2 + 1/3 ಎಷ್ಟು ಅಂತ ಕೇಳಿ, ಲೆಕ್ಕ ಮಾಡಿದ್ದೂ ಕಾಣುವಂತೆ ಬರೆಯಿರಿ ಅಂದೆ. ಕೆಲವು ಸ್ಲೇಟುಗಳ ಮೇಲೆ 2/5 ಬಂತು, ಮೇಲಿನದಕ್ಕೆ ಮೇಲಿನದು ಕೂಡಿಸಿ, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ. ಇದು ಯಾವಾಗಲೂ ಬರುವ ತಪ್ಪು, ಇರಲಿ. ಮುಂದಿನ ಬೆಂಚಿನ ಒಬ್ಬ ಹುಡುಗಿ 5/6 ಅಂತ ಬರೆದಿದ್ದಳು. ಸರಿಯುತ್ತರ. ಭೇಷ್ ಅನ್ನಲು ಹೋದವಳು ಮೂಲೆಯಲ್ಲಿ ಸಣ್ಣಗೆ ಬರೆದಿದ್ದನ್ನು ನೋಡಿದೆ: 2+3=5, 2×3=6. ಅಂದರೆ ಕೆಳಗಿನ ಎರಡನ್ನು ಕೂಡಿಸಿ ಮೇಲೆ ಇಟ್ಟಿದ್ದಾಳೆ, ಗುಣಿಸಿ ಕೆಳಗೆ ಇಟ್ಟಿದ್ದಾಳೆ! ಮೇಲೆ ಎರಡೂ ಕಡೆ 1 ಇರುವ ತನಕ ಈ ಉಪಾಯ ಎಂದೂ ಕೈಕೊಡುವುದಿಲ್ಲ. 1/4 + 1/5 ಕೊಟ್ಟರೂ 9/20 ಸರಿಯಾಗಿಯೇ ಬರುತ್ತದೆ. ತಕ್ಷಣ 2/3 + 1/4 ಕೊಟ್ಟೆ. 7/12 ಬರೆದು ಎತ್ತಿದಳು. ಸರಿಯಾದದ್ದು 11/12. ಅವಳ ಪಕ್ಕದವಳೂ 7/12. ಹಿಂದಿನ ಬೆಂಚಿನಲ್ಲಿ ಇನ್ನಿಬ್ಬರು. ಈ ಉಪಾಯ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಇತ್ತು, ನನಗೆ ಸುಳಿವೇ ಇರಲಿಲ್ಲ.

ಆ್ಯಪ್‌ನಲ್ಲಿ ಇದೇ ಮೊದಲ ಲೆಕ್ಕ ಕೊಟ್ಟಿದ್ದರೆ ನಾಲ್ವರಿಗೂ ಪೂರ್ತಿ ಅಂಕ. ಉಪಾಯ ಬೇಗ ಆಗುವುದರಿಂದ ಬಹುಶಃ ಅವರೇ ಮೊದಲ ಸ್ಥಾನದಲ್ಲಿ ಇರುತ್ತಿದ್ದರು.

ಒರೆಸಿದ ಗುರುತೂ ಓದಲು ಸಿಗುತ್ತದೆ, ಅದನ್ನಂತೂ ನಾನು ಎಣಿಸಿಯೇ ಇರಲಿಲ್ಲ. ತೋಳಿನಿಂದ ಅವಸರದಲ್ಲಿ ಒರೆಸಿದ ಉತ್ತರದ ಕೆಳಗೆ ಮೊದಲು ಬರೆದದ್ದು ನೀಲಿ ನೆರಳಿನ ಹಾಗೆ ಉಳಿದಿರುತ್ತದೆ. 2/5 ಇದ್ದದ್ದು ಪಕ್ಕ ನೋಡಿ 5/6 ಆಗಿದೆ ಅಂತ ನಾನು ಮೇಜಿನ ಹತ್ತಿರ ನಿಂತೇ ಹೇಳಬಲ್ಲೆ. ಈ ಕಾಪಿ ತಡೆಯಲು ಒಂದು ನಿಯಮ ಇಟ್ಟಿದ್ದೇನೆ. ಬರೆದಾದ ಮೇಲೆ ಸ್ಲೇಟನ್ನು ಎದೆಗೆ ಅವುಚಿಕೊಳ್ಳಬೇಕು, ನಾನು ಮೂರು ಎಣಿಸಿದಾಗ ಎಲ್ಲರೂ ಒಟ್ಟಿಗೆ ಎತ್ತಬೇಕು. ಗೊತ್ತಿಲ್ಲದವರು ಪ್ರಶ್ನೆ ಚಿಹ್ನೆ ಬರೆದು ಎತ್ತಬೇಕು, ಖಾಲಿ ಸ್ಲೇಟು ಎತ್ತುವಂತಿಲ್ಲ.

ಸ್ಲೇಟಿಗೂ ರಗಳೆ ಇಲ್ಲ ಅಂತಲ್ಲ. ಮಾರ್ಕರ್ ಮುಚ್ಚಳ ಕಳೆದುಹೋಗುತ್ತದೆ, ಮುಚ್ಚಳ ಹೋದ ಮಾರ್ಕರ್ ಬೇಗ ಒಣಗುತ್ತದೆ. ಬಿಟ್ಟರೆ ಮೀಸೆ ಬರೆಯುತ್ತಾರೆ, ನನ್ನ ಮುಖವನ್ನೂ ಬರೆದಿದ್ದಾರೆ. ದಾಖಲೆ ಉಳಿಯುವುದಿಲ್ಲ, ಒರೆಸಿದರೆ ಮುಗಿಯಿತು. ಬೋರ್ಡು ಕೊಳ್ಳಲು ಆಗದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಬಿಳಿ ಹಾಳೆ ತುರುಕಿ ಅದರ ಮೇಲೆ ಬರೆಸಿ, ಹೆಚ್ಚುಕಮ್ಮಿ ಅದೇ ಕೆಲಸ ಆಗುತ್ತದೆ. ನಾನು ಮೊದಲ ತಿಂಗಳು ನಡೆಸಿದ್ದು ಹಾಗೆಯೇ.

ಚೀಟಿಯ ವಿಷಯ. ಕೊನೆಯ ಐದು ನಿಮಿಷ, ಒಂದು ಪ್ರಶ್ನೆ, ಬಾಗಿಲ ಹತ್ತಿರ ಕೊಟ್ಟು ಹೋಗುವುದು. ಮಕ್ಕಳ ಯೋಚನೆ ಪೂರ್ತಿ ಕಾಣುತ್ತದೆ, ಕಾಗದ ನನ್ನ ಹತ್ತಿರವೇ ಉಳಿಯುತ್ತದೆ. ಆದರೆ ನನಗೆ ಗೊತ್ತಾಗುವ ಹೊತ್ತಿಗೆ ಮಕ್ಕಳು ಮನೆ ಸೇರಿರುತ್ತಾರೆ. ಮೊದಮೊದಲು ಚೀಟಿಗೆ ಅಂಕವನ್ನೂ ಹಾಕಿ, ಒಂದು ಸಾಲು ಸಲಹೆಯನ್ನೂ ಬರೆದುಕೊಡುತ್ತಿದ್ದೆ. ಅಂಕ ನೋಡಿ ಮಡಚಿ ಜೇಬಿಗೆ ಹಾಕುತ್ತಿದ್ದರು, ಸಲಹೆ ಓದಿದವರು ಯಾರೂ ಇಲ್ಲ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಗಿತ್ತು. ಬರೀ ಸಲಹೆ ಸಿಕ್ಕ ಮಕ್ಕಳು ಮುಂದೆ ಸುಧಾರಿಸಿದರು, ಅಂಕ ಮತ್ತು ಸಲಹೆ ಎರಡೂ ಸಿಕ್ಕವರು ಬರೀ ಅಂಕ ಸಿಕ್ಕವರ ಹಾಗೇ ಉಳಿದರು. ಈಗ ಅಂಕ ನಿಲ್ಲಿಸಿದ್ದೇನೆ. ಚೀಟಿಯನ್ನು ಮೂರು ರಾಶಿ ಮಾಡುತ್ತೇನೆ: ಬಂತು, ಅರ್ಧ ಬಂತು, ಬರಲಿಲ್ಲ. ಹತ್ತು ನಿಮಿಷದ ಕೆಲಸ, ವಾರಕ್ಕೆ ಒಂದು ಸಲ ಸಾಕು.

ಇದೆಲ್ಲಾ ಮಾಡುವ ಬದಲು ಆ ಟೈಮಿನಲ್ಲಿ ಇನ್ನೊಂದು ಸಲ ಪಾಠ ಓದಿಸಬಹುದಲ್ಲ ಅಂತ ಸಹೋದ್ಯೋಗಿಯೊಬ್ಬರು ಕೇಳಿದ್ದರು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ನೋಡಿದ್ದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು, ಇನ್ನೊಂದು ಒಮ್ಮೆ ಓದಿ, ನೋಡದೇ ನೆನಪು ಮಾಡಿಕೊಂಡು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ: 81 ಶೇಕಡಾ, ಇವರು 75. ಒಂದು ವಾರದ ನಂತರ ತಿರುಗುಮುರುಗು: ಓದಿದವರು 42, ನೆನಪಿನಿಂದ ಬರೆದವರು 56. ಅಂದರೆ ಕೇಳುವುದು ಬರೀ ಅಳತೆಯಲ್ಲ, ಅದೂ ಕಲಿಕೆಯೇ. ಅದಕ್ಕೇ ಈಗ ಪ್ರತಿ ಪೀರಿಯಡ್ಡಿನ ಶುರುವಿನಲ್ಲಿ ಹಿಂದಿನ ವಾರದ್ದೊಂದು, ನಿನ್ನೆಯದೊಂದು ಪ್ರಶ್ನೆ ಸ್ಲೇಟಿನ ಮೇಲೆ. ನ್ಯಾಯವಾಗಿ ಹೇಳಬೇಕೆಂದರೆ ಈ ಲಾಭ ಆ್ಯಪ್‌ನಲ್ಲೂ ಸಿಗುತ್ತದೆ, ಓದದೇ ಒತ್ತದಿದ್ದರೆ.

ನಿಮ್ಮದು ನೂರೈವತ್ತು ಜನ ಕೂರುವ ಹಾಲ್ ಆದರೆ ಸ್ಲೇಟು ಬೇಡ, ಹಿಂದಿನ ಸಾಲು ಕಾಣುವುದೇ ಇಲ್ಲ. ಹತ್ತು ಸಾಲಿನ ಕ್ಲಾಸಾದರೆ ಕೋಡ್ ಕಾರ್ಡು ನೋಡಿ. ಆನ್‌ಲೈನ್ ಪಾಠ ಮಾಡುವವರಿಗೆ ಆ್ಯಪ್ ಬಿಟ್ಟರೆ ಬೇರೆ ದಾರಿ ಕಡಿಮೆ, ಆದರೆ ಟೈಮರ್ ಆಫ್ ಮಾಡಲು ಬರುತ್ತದಾ, ಹೊರಬಿದ್ದ ಮಗು ಅದೇ ಹೆಸರಿನಲ್ಲಿ ವಾಪಸ್ ಬರಬಹುದಾ, ಈ ಎರಡನ್ನು ಪುಕ್ಕಟೆ ಇರುವಾಗಲೇ ಪರೀಕ್ಷಿಸಿ. ಪರೀಕ್ಷಿಸುವುದು ಸುಲಭ: ಒಂದು ಟ್ಯಾಬ್‌ನಲ್ಲಿ ಆಡುತ್ತಾ ಮಧ್ಯೆ ವೈಫೈ ಆಫ್ ಮಾಡಿ ಆನ್ ಮಾಡಿ. ನಾನು ಇಷ್ಟು ಮಾಡಿದ್ದರೂ ಸಾಕಿತ್ತು.

ನನ್ನ ಅಭ್ಯಾಸಕ್ಕೆ, ಅಂದರೆ ಕ್ಲಾಸಿನಲ್ಲಿ ಸುತ್ತುತ್ತಾ ಪಾಠ ಮಾಡುವವಳಿಗೆ, ಸಂಜೆ ರಿಪೋರ್ಟ್ ನೋಡಲು ಸೋಮಾರಿತನ ಇರುವವಳಿಗೆ, ದಿನಾ ಸ್ಲೇಟು, ಶುಕ್ರವಾರ ಚೀಟಿ. ಇವತ್ತು ಎಣಿಸಿದೆ, 38 ಮಾರ್ಕರ್‌ನಲ್ಲಿ 29ಕ್ಕೆ ಮುಚ್ಚಳ ಇದೆ. ಆ್ಯಪ್‌ನ ಚಂದಾ ಮುಗಿಯಲು ಇನ್ನೂ ಮೂರು ತಿಂಗಳಿದೆ. ತಂತಾನೇ ನವೀಕರಣವಾಗುವ ಆಯ್ಕೆಯನ್ನು ಮೊನ್ನೆಯೇ ಆಫ್ ಮಾಡಿದೆ, ಹೋಗಿ ಎರಡು ಸಲ ನೋಡಿಯೂ ಬಂದೆ.