ಎಪಿ ಇನ್ಫೋ 7: ಎಪಿ ಕರ್ವ್ ಬರೆಯಲು ಎಷ್ಟು ಸಹಾಯ?

ಎಪಿ ಕರ್ವ್ ಎಂದರೆ ಯಾವ ದಿನ ಅಥವಾ ಗಂಟೆಯಲ್ಲಿ ಎಷ್ಟು ಜನ ಕಾಯಿಲೆ ಬಿದ್ದರೆಂದು ತೋರಿಸುವ ಕಂಬಚಿತ್ರ. ಅದನ್ನು ಬರೆಯಬಲ್ಲ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ರೂಪಿಸಿದ ಎಪಿ ಇನ್ಫೋ 7 ಎಂಬ ಉಚಿತ ತಂತ್ರಾಂಶದ ಡೆಸ್ಕ್‌ಟಾಪ್ ಆವೃತ್ತಿ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಜಿಪ್ ಫೈಲ್ ಬಿಚ್ಚಿದರೆ ಸಾಕು, ಅಡ್ಮಿನ್ ಪಾಸ್‌ವರ್ಡ್ ಬೇಡ. ಸರ್ಕಾರಿ ಕಚೇರಿಯ ಕಂಪ್ಯೂಟರಿಗೆ ಇದು ದೊಡ್ಡ ಅನುಕೂಲ.

ಕಲಿಯಲು ಆಸ್ವೀಗೊ ದತ್ತಾಂಶ ಜೊತೆಗೇ ಬರುತ್ತದೆ. 1940ರ ಏಪ್ರಿಲ್ 18ರಂದು ನ್ಯೂಯಾರ್ಕ್ ರಾಜ್ಯದಲ್ಲಿ ನಡೆದ ಚರ್ಚಿನ ರಾತ್ರಿಯೂಟದಿಂದ ಹರಡಿದ ಕಾಯಿಲೆಯ ದಾಖಲೆ ಅದು. ವಿಚಾರಿಸಿದ 75 ಜನರಲ್ಲಿ 46 ಮಂದಿಗೆ ವಾಂತಿ, ಭೇದಿ. ವಿಜುವಲ್ ಡ್ಯಾಶ್‌ಬೋರ್ಡ್ ತೆರೆದು ದತ್ತಾಂಶ ಜೋಡಿಸಿ, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಚಾರ್ಟ್‌ಗಳಲ್ಲಿ ಎಪಿ ಕರ್ವ್ ಆರಿಸಿ, ಲಕ್ಷಣ ಶುರುವಾದ ದಿನಾಂಕದ ಕಾಲಂ ಕೊಡಿ. ಮಧ್ಯಂತರ 'ದಿನ' ಎಂದಿಟ್ಟರೆ ಸಿಗುವುದು ಎರಡೇ ಕಂಬ, ಏನೂ ತಿಳಿಯುವುದಿಲ್ಲ. 'ಗಂಟೆ' ಎಂದಿಟ್ಟು ನೋಡಿ: ಮಧ್ಯರಾತ್ರಿಯ ಆಸುಪಾಸು ಶಿಖರ, ಒಂದೇ ಮೂಲದ ಸೋಂಕಿನ ಸ್ಪಷ್ಟ ಆಕಾರ. ಎಡಕ್ಕೆ, ಮಧ್ಯಾಹ್ನ 3ಕ್ಕೆ, ಒಂಟಿ ಪ್ರಕರಣವೊಂದು ನಿಂತಿದೆ: ಊಟಕ್ಕೆ ಮುಂಚೆ, ಬೆಳಗ್ಗೆ 11ಕ್ಕೇ ಐಸ್‌ಕ್ರೀಂ ತಿಂದಿದ್ದ ಮಗು. ಇಂಥ ಒಂಟಿ ಕಂಬವನ್ನು ತಪ್ಪು ನಮೂದೆಂದು ಅಳಿಸಿಬಿಡಬೇಡಿ, ಮೂಲದ ಸುಳಿವು ಎಷ್ಟೋ ಸಲ ಅಲ್ಲೇ ಇರುತ್ತದೆ.

ಮಧ್ಯಂತರದ ಆಯ್ಕೆಯನ್ನು ತಂತ್ರಾಂಶ ನಮ್ಮ ಪರವಾಗಿ ಮಾಡುವುದಿಲ್ಲ, ದೊಡ್ಡ ಕೊರತೆ ಇದೇ. ಕಂಬದ ಅಗಲ ಇನ್‌ಕ್ಯುಬೇಷನ್ ಅವಧಿಯ (ಸೋಂಕು ತಗುಲಿದಾಗಿನಿಂದ ಲಕ್ಷಣ ಶುರುವಾಗುವವರೆಗಿನ ಸಮಯ) ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗದಷ್ಟಿರಲಿ. ಆಸ್ವೀಗೊದಲ್ಲಿ ಆ ಅವಧಿ ಸುಮಾರು 4 ಗಂಟೆ, ಹಾಗಾಗಿ 1 ಗಂಟೆಯ ಕಂಬ. ಹೆಪಟೈಟಿಸ್ ಎಗೆ ಸರಾಸರಿ 28 ದಿನ, ಆದ್ದರಿಂದ 7 ದಿನ. ರೋಗ ಯಾವುದೆಂದು ಗೊತ್ತಿಲ್ಲದಿದ್ದರೆ ಎರಡು ಮೂರು ಅಗಲದಲ್ಲಿ ಬರೆದು ಹೋಲಿಸಿ.

ಎಕ್ಸೆಲ್‌ನಲ್ಲಿರುವ ಲೈನ್ ಲಿಸ್ಟ್ (ಒಬ್ಬ ರೋಗಿಗೆ ಒಂದು ಸಾಲಿನಂತೆ ಬರೆದ ಪಟ್ಟಿ) ಜೋಡಿಸುವಾಗ ದಿನಾಂಕಗಳೇ ಕಾಟ ಕೊಡುತ್ತವೆ. ವಿಂಡೋಸ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಜೂನ್ 5 ಅಂತ ನಮೂದಿಸಿದ 05/06 ಮೇ 6 ಆಗುತ್ತದೆ. 25/06 ದಿನಾಂಕವೇ ಆಗದೆ ಬರೀ ಪಠ್ಯವಾಗಿ ಉಳಿಯುತ್ತದೆ. ಮೊದಲು ರೀಜನ್ ಸೆಟ್ಟಿಂಗ್ ಸರಿಪಡಿಸಿ. ವರದಿಯಾದ ದಿನದ ಕಾಲಂ ಆರಿಸಿದರೆ ಭಾನುವಾರ ತಗ್ಗು, ಸೋಮವಾರ ಏರು ಕಾಣುತ್ತದೆ. ಅದು ರೋಗದ ನಡೆಯಲ್ಲ, ಕಚೇರಿಯ ರಜೆ.

ಬರೀ ಎಕ್ಸೆಲ್ಲೇ ಸಾಕು ಎನ್ನುವವರು ಗ್ಯಾಪ್ ವಿಡ್ತ್ (ಕಂಬಗಳ ನಡುವಿನ ಅಂತರ) ಸೊನ್ನೆ ಮಾಡಿ, ಪ್ರಕರಣವಿಲ್ಲದ ದಿನಗಳನ್ನೂ ಸೊನ್ನೆ ಹಾಕಿ ಸೇರಿಸಿ. ಎಪಿ ಇನ್ಫೋ, ಎಕ್ಸೆಲ್ ಎರಡರಲ್ಲೂ ಕೊನೆಯ ಕೆಲವು ಕಂಬಗಳಿಗೆ ಬೇರೆ ಬಣ್ಣ ಕೊಡಿ: ಆ ದಿನಗಳ ವರದಿ ಇನ್ನೂ ಬರುತ್ತಿರುತ್ತದೆ, ನೀರಿನಿಂದ ಹರಡುವ ರೋಗವಾದರೆ ಇಳಿಮುಖವೆಂದು ನಂಬಿ ಕೊಳವೆಬಾವಿಯ ಕ್ಲೋರಿನೇಷನ್ ನಿಲ್ಲಿಸಬಾರದು.